ಮಾತಾಡುವ ಡಬ್ಬಿ ಸುಮ್ಮನಾದಾಗ: ಸ್ಪೀಚ್ ಸಿಂಥಸೈಜರ್‌ನ ದೋಷ ಹುಡುಕುವ ಬಗೆ

ಜುಲೈ ತಿಂಗಳ ಒಂದು ಬೆಳಿಗ್ಗೆ ಮಲ್ಪೆಯಿಂದ ಫೋನ್ ಬಂತು.

"ಮಾರಾಯ, ನನ್ನ ಡಬ್ಬಿ ಬಾಯಿ ಬಿಡುವುದೇ ಇಲ್ಲ. ಮೂರು ದಿವಸ ಆಯ್ತು. ಮಳೆಗೆ ಹೋಯ್ತು ಅಂತ ಕಾಣ್ತದೆ."

ಮಾತಾಡಿದವರು ನಿವೃತ್ತರಾದ ಒಬ್ಬ ಮಾಷ್ಟ್ರು. ಅವರಿಗೂ ಕಣ್ಣು ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಇಬ್ಬರೂ ಕಂಪ್ಯೂಟರ್ ನಡೆಸುವುದು ತೆರೆಯ ಮೇಲಿನದ್ದನ್ನು ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್ ನಂಬಿಕೊಂಡು. ಮಾಷ್ಟ್ರ ಮೇಜಿನ ಮೇಲೆ ಲೈಟ್‌ಟಾಕ್ ಜಾತಿಯ ಒಂದು ಹಳೆಯ ಹಾರ್ಡ್‌ವೇರ್ ಸಿಂಥಸೈಜರ್ ಇದೆ. ಕಂಪ್ಯೂಟರ್ ಸೀರಿಯಲ್ ಕೇಬಲ್‌ನಲ್ಲಿ ಬರೀ ಅಕ್ಷರಗಳನ್ನು ಕಳಿಸುತ್ತದೆ. ಅದನ್ನು ಮಾತು ಮಾಡುವುದು ಡಬ್ಬಿಯೊಳಗಿನ ಚಿಪ್, ಹೇಳುವುದು ಡಬ್ಬಿಯದ್ದೇ ಸ್ಪೀಕರ್.

ಎನ್‌ವಿಡಿಎ ಎಂಬ ವಿಂಡೋಸ್ ಸ್ಕ್ರೀನ್ ರೀಡರ್, ಇಸ್ಪೀಕ್ ಎಂಬ ಮಾತಿನ ತಂತ್ರಾಂಶ ಎಲ್ಲ ಪುಕ್ಕಟೆ ಸಿಗುವಾಗ ಈ ಹಳೇ ಡಬ್ಬಿ ಯಾಕೆ ಅಂತ ಕೆಲವರು ಕೇಳುತ್ತಾರೆ. ಕಾರಣ ಇದೆ. ಲಿನಕ್ಸ್‌ನ ಸ್ಪೀಕಪ್ ಎಂಬ ಸ್ಕ್ರೀನ್ ರೀಡರ್ ಕರ್ನಲ್‌ನ, ಅಂದರೆ ಸಿಸ್ಟಮ್‌ನ ತಿರುಳಿನ ಒಳಗೇ ಕೆಲಸ ಮಾಡುತ್ತದೆ. ಅದಕ್ಕೆ ಇಂಥ ಡಬ್ಬಿ ಜೊತೆಯಾದರೆ ಸೌಂಡ್ ಕಾರ್ಡ್‌ನ ಹಂಗೇ ಇಲ್ಲ. ಯಂತ್ರ ಏಳುವಾಗ ಎಲ್ಲಿ ಸಿಕ್ಕಿಹಾಕಿಕೊಂಡಿತು ಎನ್ನುವುದನ್ನೂ ಕೇಳಬಹುದು. ಕೀ ಒತ್ತಿದ ತಕ್ಷಣ ಮಾತು, ಸಾಕು ಅಂದ ತಕ್ಷಣ ಮೌನ. 1984ರಲ್ಲಿ ಡೆಕ್‌ಟಾಕ್ ಎಂಬ ಸಿಂಥಸೈಜರ್ ಬಂದ ಕಾಲದಿಂದ ಇಂಥ ದನಿಗಳಿಗೆ ಕಿವಿ ಒಗ್ಗಿಸಿಕೊಂಡವರು ಇದ್ದಾರೆ. ಆ ದನಿ ನಿಂತರೆ ಮನೆಯವರೊಬ್ಬರು ಮಾತು ಬಿಟ್ಟ ಹಾಗೆ ಆಗುತ್ತದೆ.

ಕಷ್ಟ ಇರುವುದು ಇಲ್ಲಿ. ದೋಷ ಏನು ಅಂತ ನಮಗೆ ಹೇಳಬೇಕಾದದ್ದೇ ಆ ಡಬ್ಬಿ. ಅದೇ ಸುಮ್ಮನಾದರೆ ತೆರೆಯ ಮೇಲೆ ಎಷ್ಟು ಸಂದೇಶ ಬಂದರೂ ನಮಗೆ ತಲುಪುವುದಿಲ್ಲ. ಹಾಗಾಗಿ ಕಣ್ಣಿರುವವರು ಮಾಡುವ ಕ್ರಮ ನಮಗೆ ಆಗುವುದಿಲ್ಲ. ನಾನು ನಡೆಯುವುದು ಕಿವಿಯಿಂದ ಹಿಂದಕ್ಕೆ. ಮೊದಲು ಡಬ್ಬಿ, ಆಮೇಲೆ ಕೇಬಲ್, ಆಮೇಲೆ ಪೋರ್ಟ್, ಕೊನೆಗೆ ಡ್ರೈವರ್ ಮತ್ತು ಸ್ಕ್ರೀನ್ ರೀಡರ್.

ಎರಡನೆಯ ಬಾಯಿ

ಸ್ಕ್ರೂ ಡ್ರೈವರ್ ಹಿಡಿಯುವ ಮೊದಲು ಇನ್ನೊಂದು ಮಾತು ಬೇಕು. ಇದಿಲ್ಲದೆ ಏನೂ ಮುಟ್ಟಬೇಡಿ.

ಅತಿ ಸುಲಭದ್ದು ಫೋನ್. ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಹಾಕಿಕೊಂಡು ಕ್ಯಾಮೆರಾವನ್ನು ತೆರೆಯ ಎದುರು ಹಿಡಿದರೆ ಗೂಗಲ್ ಲೆನ್ಸ್‌ನಂಥ ಆ್ಯಪ್ ಅಲ್ಲಿನ ಅಕ್ಷರ ಓದುತ್ತದೆ. ಬಿ ಮೈ ಐಸ್ ಇದ್ದರೆ ಕಣ್ಣಿರುವ ಒಬ್ಬರನ್ನು ಕರೆದು ಕೇಳಬಹುದು. ವಿಂಡೋಸ್ ಆದರೆ ವಿಂಡೋಸ್, ಕಂಟ್ರೋಲ್, ಎಂಟರ್ ಮೂರೂ ಒಟ್ಟಿಗೆ ಒತ್ತಿ. ಅದರದ್ದೇ ಸ್ಕ್ರೀನ್ ರೀಡರ್ ನರೇಟರ್ ಏಳುತ್ತದೆ.

ಲಿನಕ್ಸ್‌ನಲ್ಲಿ ಇನ್ನೂ ಒಳ್ಳೆಯ ದಾರಿ ಇದೆ. ಎಸ್ಎಸ್ಎಚ್ ಮೊದಲೇ ಹಾಕಿಟ್ಟಿದ್ದರೆ, ಮಾತಾಡುವ ಬೇರೆ ಲ್ಯಾಪ್‌ಟಾಪ್‌ನಿಂದ ಈ ಸುಮ್ಮನಾದ ಯಂತ್ರದೊಳಗೆ ಹೋಗಬಹುದು. ಡಬ್ಬಿ ಸರಿ ಇರುವಾಗಲೇ ಇದನ್ನು ಮಾಡಿಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ. ಕೆಟ್ಟ ಮೇಲೆ ಮಾಡುವುದು ಭಾರೀ ಕಷ್ಟ.

ಯಂತ್ರಕ್ಕೆ ಜೀವ ಇದೆಯಾ ಎನ್ನುವುದನ್ನೂ ಕಿವಿಯಲ್ಲೇ ತಿಳಿಯಬಹುದು. ಲಿನಕ್ಸ್ ಕನ್ಸೋಲ್‌ನಲ್ಲಿ ಖಾಲಿ ಸಾಲಿನ ಮೇಲೆ ಬ್ಯಾಕ್‌ಸ್ಪೇಸ್ ಒತ್ತಿ. ಬೀಪ್ ಬಂದರೆ ಕಂಪ್ಯೂಟರ್ ಎದ್ದಿದೆ, ಮಾತು ಮಾತ್ರ ಇಲ್ಲ.

ಮಾಷ್ಟ್ರ ಮನೆಯಲ್ಲಿ ಎಸ್ಎಸ್ಎಚ್ ಇತ್ತು. ನಾನು ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಮಂಗಳೂರಿನಿಂದ ಉಡುಪಿ ಬಸ್ ಹತ್ತಿದೆ. ಅಲ್ಲಿಂದ ಮಲ್ಪೆಗೆ ಇನ್ನೊಂದು ಬಸ್.

ಡಬ್ಬಿ ತಾನಾಗಿ ಮಾತಾಡುತ್ತದಾ?

ಕೇಬಲ್ ಪೂರ್ತಿ ಬಿಚ್ಚಿ, ಕರೆಂಟ್ ಮಾತ್ರ ಕೊಟ್ಟು ಸ್ವಿಚ್ ಹಾಕಿ. ಇಂಥ ಬಹಳಷ್ಟು ಡಬ್ಬಿಗಳು ಏಳುವಾಗ ಏನಾದರೂ ಹೇಳುತ್ತವೆ. ಹೇಳಿದರೆ ಕರೆಂಟ್, ಚಿಪ್, ಆಂಪ್ಲಿಫೈಯರ್, ಸ್ಪೀಕರ್ ಎಲ್ಲವೂ ಸರಿ ಇವೆ ಎಂದರ್ಥ. ಅರ್ಧ ಹುಡುಕಾಟ ಅಲ್ಲೇ ಮುಗಿಯಿತು.

ಏನೂ ಹೇಳದಿದ್ದರೆ ಮೊದಲು ವಾಲ್ಯೂಮ್ ತಿರುಗಿಸಿ ನೋಡಿ. ಒರೆಸುವಾಗ ಅದು ಕೆಳಗೆ ಹೋಗಿರುತ್ತದೆ. ಆಮೇಲೆ ಇಯರ್‌ಫೋನ್ ಸಿಕ್ಕಿಸಿ. ಇಯರ್‌ಫೋನ್‌ನಲ್ಲಿ ಮಾತು ಬಂದು ಸ್ಪೀಕರ್‌ನಲ್ಲಿ ಬಾರದಿದ್ದರೆ ತಪ್ಪು ಸ್ಪೀಕರ್‌ನದ್ದು ಅಥವಾ ಜಾಕ್‌ನದ್ದು. ಜಾಕ್‌ನೊಳಗಿನ ಸಣ್ಣ ಪಟ್ಟಿಗೆ ಕಿಲುಬು ಹಿಡಿದರೆ ಡಬ್ಬಿ ಇಯರ್‌ಫೋನ್ ಇದೆ ಎಂದೇ ತಿಳಿದು ಸ್ಪೀಕರನ್ನು ಮುಚ್ಚಿಬಿಡುತ್ತದೆ. ಇಯರ್‌ಫೋನ್ ಪಿನ್ನನ್ನು ಹತ್ತಾರು ಸಲ ಹಾಕಿ ತೆಗೆದರೆ ಎಷ್ಟೋ ಸಲ ಸರಿಯಾಗುತ್ತದೆ.

ಅಡಾಪ್ಟರ್ ವಿಷಯದಲ್ಲಿ ಅವಸರ ಬೇಡ. ಈ ಡಬ್ಬಿಗಳಲ್ಲಿ ಹಲವು ಅಮೆರಿಕದಿಂದ ಬಂದವು, ಜೊತೆಗೆ 110 ವೋಲ್ಟ್‌ನ ಅಡಾಪ್ಟರ್ ಇರುತ್ತದೆ. ನಮ್ಮ 230 ವೋಲ್ಟ್‌ಗೆ ಅದನ್ನು ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬರುತ್ತದೆ, ಅಷ್ಟೆ. ಬದಲಿ ಅಡಾಪ್ಟರ್ ತರುವಾಗ ವೋಲ್ಟ್ ಒಂದೇ ನೋಡಿದರೆ ಸಾಲದು. ಪಿನ್ನಿನ ಒಳಗೆ ಪ್ಲಸ್ಸಾ ಮೈನಸ್ಸಾ, ಹೊರಗೆ ಬರುವುದು ಡಿಸಿಯಾ ಎಸಿಯಾ ಎನ್ನುವುದನ್ನೂ ಡಬ್ಬಿಯ ಬೆನ್ನಿನಿಂದ ಯಾರಿಂದಾದರೂ ಓದಿಸಿಕೊಳ್ಳಿ. ಕೆಲವು ಅಡಾಪ್ಟರ್‌ಗಳು ಹೊರಗೆ ಕೊಡುವುದೂ ಎಸಿಯೇ. ನಾನು ಪ್ರತಿ ಅಡಾಪ್ಟರ್ ಮೇಲೆ ಬ್ರೈಲ್ ಚೀಟಿ ಅಂಟಿಸುತ್ತೇನೆ. ಒಂದೇ ಆಕಾರದ ಐದು ಅಡಾಪ್ಟರ್ ಒಂದೇ ಚೀಲದಲ್ಲಿದ್ದರೆ ಕೈಗೆ ಹೇಗೆ ಗೊತ್ತಾಗಬೇಕು?

ಮಾತಿನ ಹಿಂದೆ 'ಗುಂಯ್' ಅಂತ ಸದ್ದು ಇದ್ದರೆ ಅಡಾಪ್ಟರ್‌ನ ಅಥವಾ ಡಬ್ಬಿಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿರಬಹುದು. ಹಳೆಯ ಡಬ್ಬಿಗೆ ಇದು ಮುಪ್ಪಿನ ಲಕ್ಷಣ. ಅಡಾಪ್ಟರ್ ಬದಲಿಸಿ ನೋಡಿ. ಸದ್ದು ಹೋಗದಿದ್ದರೆ ಕೆಪಾಸಿಟರ್ ಬದಲಿಸುವುದು ರೇಡಿಯೊ ರಿಪೇರಿ ಮಾಡುವ ಯಾರಿಗೂ ದೊಡ್ಡ ಕೆಲಸವಲ್ಲ.

ಮಾಷ್ಟ್ರ ಡಬ್ಬಿಗೆ ಸ್ವಿಚ್ ಹಾಕಿದೆವು. ಒಂದು ಸಣ್ಣ ಇಂಗ್ಲಿಷ್ ವಾಕ್ಯ, ಗಟ್ಟಿಯಾಗಿ, ಸ್ಪಷ್ಟವಾಗಿ ಬಂತು. ಮಾಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತದ್ದು ನನಗೆ ಕೇಳಿಸಿತು. "ಹಾಗಾದ್ರೆ ಜೀವ ಉಂಟು!" ಅಂದರು.

ಕಾಣೆಯಾದ ಪೋರ್ಟ್

ಡಬ್ಬಿ ಸರಿ ಇದೆ ಅಂದ ಮೇಲೆ ಕಂಪ್ಯೂಟರ್ ಕಡೆ ಹೋಗಬೇಕು. ಈಗಿನ ಕಂಪ್ಯೂಟರ್‌ಗಳಲ್ಲಿ ಸೀರಿಯಲ್ ಪೋರ್ಟ್ ಇರುವುದು ಅಪರೂಪ. ಮಾಷ್ಟ್ರು ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಒಂದು ಸಣ್ಣ ಕನ್ವರ್ಟರ್ ಬಳಸುತ್ತಾರೆ. ಒಳಗಿರುವುದು ಸಿಎಚ್ 340 ಚಿಪ್, ಎಲ್ಲ ಕಡೆ ಅಗ್ಗಕ್ಕೆ ಸಿಗುವಂಥದ್ದು.

ಇಲ್ಲೊಂದು ಹಿನ್ನೆಲೆ ಗೊತ್ತಿರಬೇಕು. ಮೊದಲೆಲ್ಲ ಸ್ಪೀಕಪ್ ಸೀರಿಯಲ್ ಪೋರ್ಟಿನ ಹಾರ್ಡ್‌ವೇರನ್ನೇ ನೇರವಾಗಿ ಮುಟ್ಟುತ್ತಿತ್ತು. ಯುಎಸ್‌ಬಿ ಕನ್ವರ್ಟರ್ ಹಾಕಿದರೆ ಏನು ಮಾಡಿದರೂ ಮಾತು ಬರುತ್ತಿರಲಿಲ್ಲ. 2017ರ ಸುಮಾರಿಗೆ ಅದನ್ನು ಬದಲಿಸಿದರು. ಈಗ ಬಹುತೇಕ ಡ್ರೈವರ್‌ಗಳಿಗೆ ಪೋರ್ಟಿನ ಹೆಸರು ಕೊಟ್ಟರೆ ಸಾಕು.

ಲ್ಯಾಪ್‌ಟಾಪ್‌ನಿಂದ ಮಾಷ್ಟ್ರ ಯಂತ್ರದೊಳಗೆ ಹೋಗಿ ಕರ್ನಲ್‌ನ ಸಂದೇಶಗಳನ್ನು ಕೇಳಿದೆ. ಡಿ-ಎಂ-ಇ-ಎಸ್-ಜಿ ಎಂಬ ಆಜ್ಞೆ. ಕನ್ವರ್ಟರ್ ಕಿತ್ತು ಮತ್ತೆ ಚುಚ್ಚಿದಾಗ ಹೊಸ ಸಾಲುಗಳು ಬಂದವು. ಸಿಎಚ್ 341 (340ಕ್ಕೂ ಇದೇ ಡ್ರೈವರ್) ಜೋಡಣೆಯಾಯಿತು, ಟಿಟಿವೈ ಯುಎಸ್‌ಬಿ ಸೊನ್ನೆ ಎಂಬ ಹೆಸರು ಸಿಕ್ಕಿತು. ಸರಿ ಅಂದುಕೊಳ್ಳುವಷ್ಟರಲ್ಲಿ ಮುಂದಿನ ಸಾಲು: ಆ ಇಂಟರ್‌ಫೇಸನ್ನು ಬಿಆರ್‌ಎಲ್‌ಟಿಟಿವೈ ಹಿಡಿಯಲು ನೋಡಿತು, ಕನ್ವರ್ಟರ್ ಪೋರ್ಟಿನಿಂದ ಕಳಚಿತು. ಕ್ಷಣಮಾತ್ರದಲ್ಲಿ ಹುಟ್ಟಿದ ಪೋರ್ಟ್ ಹಾಗೇ ಮಾಯ.

"ಮಾಷ್ಟ್ರೇ, ಈ ನಡುವೆ ಯಾರಾದ್ರೂ ಸಿಸ್ಟಮ್ ಅಪ್‌ಡೇಟ್ ಮಾಡಿದ್ರಾ?"

"ಅಳಿಯ ಬಂದಿದ್ದ. ಉಬುಂಟು ಹೊಸತು ಹಾಕಿ ಹೋದ. 22.04 ಅಂತ ಹೇಳಿದ ನೆನಪು."

"ಯಾವಾಗ?"

"ಡಬ್ಬಿ ನಿಂತ ದಿವಸ... ಅಲ್ಲ, ಅದರ ಹಿಂದಿನ ದಿವಸ."

ಬಿಆರ್‌ಎಲ್‌ಟಿಟಿವೈ ನಮ್ಮವರಿಗಾಗಿಯೇ ಇರುವ ಒಳ್ಳೆಯ ತಂತ್ರಾಂಶ, ತೆರೆಯ ಅಕ್ಷರವನ್ನು ಬೆರಳಿಗೆ ಚುಕ್ಕಿಯಾಗಿ ಕೊಡುವ ಬ್ರೈಲ್ ಡಿಸ್‌ಪ್ಲೇ ನಡೆಸುವುದು ಅದರ ಕೆಲಸ. ಅದು ಕೆಟ್ಟದ್ದು ಮಾಡಲು ಬಂದದ್ದಲ್ಲ. ಯುಎಸ್‌ಬಿಗೆ ಏನೇ ಚುಚ್ಚಿದರೂ ಅದಕ್ಕೊಂದು ಗುರುತಿನ ಸಂಖ್ಯೆ ಇರುತ್ತದೆ. ಸಿಎಚ್ 340 ಚಿಪ್ಪಿನದ್ದು 1ಎ86:7523. ಒಂದು ಬ್ರೈಲ್ ಡಿಸ್‌ಪ್ಲೇಯ ಒಳಗೂ ಇದೇ ಚಿಪ್ ಇರುವುದರಿಂದ ಅದರದ್ದೂ ಇದೇ ಸಂಖ್ಯೆ. ಉಬುಂಟು 22.04ರಲ್ಲಿ ಈ ಸಂಖ್ಯೆ ಕಂಡರೆ ಬ್ರೈಲ್ ಡಿಸ್‌ಪ್ಲೇ ಬಂತೆಂದೇ ತಿಳಿದು ಬಿಆರ್‌ಎಲ್‌ಟಿಟಿವೈ ಕೈ ಹಾಕುತ್ತದೆ. ನಮ್ಮ ಡಬ್ಬಿಗೆ ಹೋಗಬೇಕಾದ ದಾರಿ ಮುಚ್ಚಿಹೋಗುತ್ತದೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ ಬಿಆರ್‌ಎಲ್‌ಟಿಟಿವೈಯನ್ನು ತೆಗೆದು ಹಾಕಿ ಅಂತ. ಬ್ರೈಲ್ ಡಿಸ್‌ಪ್ಲೇ ಇಲ್ಲದವರಿಗೆ ಅದು ಸರಿ. ಮಾಷ್ಟ್ರ ಹತ್ತಿರ ಬೇರೆ ಸಂಖ್ಯೆಯ ಒಂದು ಬ್ರೈಲ್ ಡಿಸ್‌ಪ್ಲೇ ಇದೆ, ದಿನಾ ಓದುತ್ತಾರೆ. ಕಿವಿ ಕೊಡಲು ಹೋಗಿ ಬೆರಳು ಕಿತ್ತುಕೊಂಡರೆ ಹೇಗೆ? ಹಾಗಾಗಿ ಆ ಒಂದು ಸಂಖ್ಯೆಯನ್ನು ಮಾತ್ರ ಬಿಡಿಸಬೇಕು. ಚುಚ್ಚಿದ ಉಪಕರಣಗಳನ್ನು ಗುರುತಿಸುವ ಯುಡೆವ್‌ನ ನಿಯಮಗಳ ಫೋಲ್ಡರ್‌ನಲ್ಲಿ 85 ಎಂದು ಶುರುವಾಗುವ ಬಿಆರ್‌ಎಲ್‌ಟಿಟಿವೈ ಫೈಲ್ ಇದೆ. ಅದನ್ನು ಇಟಿಸಿ ಕೆಳಗಿನ ಯುಡೆವ್ ನಿಯಮಗಳ ಫೋಲ್ಡರ್‌ಗೆ ಅದೇ ಹೆಸರಿನಲ್ಲಿ ಪ್ರತಿ ಮಾಡಿ, ಅಲ್ಲಿ 7523 ಇರುವ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ. ಮೂಲ ಫೈಲನ್ನೇ ತಿದ್ದಬೇಡಿ. ಮುಂದಿನ ಅಪ್‌ಡೇಟ್‌ನಲ್ಲಿ ಅದು ಅಳಿಸಿಹೋಗುತ್ತದೆ, ಮತ್ತೆ ಇದೇ ಕತೆ. ಆಮೇಲೆ ಯಂತ್ರವನ್ನು ರೀಸ್ಟಾರ್ಟ್ ಮಾಡಿ.

ಮಾಡಿದೆವು. ಪೋರ್ಟ್ ಹುಟ್ಟಿತು, ಈ ಸಲ ಉಳಿಯಿತು. ಆದರೆ ಡಬ್ಬಿ ಮಾತಾಡಲಿಲ್ಲ.

ಬೆರಳಿನಿಂದ ಪಿನ್ ಎಣಿಸುವುದು

ಇಲ್ಲಿ ಎಷ್ಟೋ ಜನ ಸೋಲುತ್ತಾರೆ. ಒಂದು ದೋಷ ಸಿಕ್ಕಿತು, ಸರಿ ಮಾಡಿದೆ, ಆದರೂ ಮಾತಿಲ್ಲ, ಹಾಗಾದರೆ ನಾನು ಮಾಡಿದ್ದೇ ತಪ್ಪು ಅಂತ ಮೊದಲಿನದ್ದನ್ನೂ ಹಿಂದೆ ತಿರುಗಿಸುತ್ತಾರೆ. ಹಾಗೆ ಮಾಡಬೇಡಿ. ದೋಷ ಎರಡು ಇರಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡಿ.

ಈಗ ಲೂಪ್‌ಬ್ಯಾಕ್ ಪರೀಕ್ಷೆ. ಕಳಿಸುವ ತಂತಿಯನ್ನೂ ತೆಗೆದುಕೊಳ್ಳುವ ತಂತಿಯನ್ನೂ ಕೂಡಿಸಿದರೆ ಕಳಿಸಿದ ಅಕ್ಷರ ನಮಗೇ ವಾಪಸ್ ಬರಬೇಕು. ಮೊದಲು ಸ್ಪೀಕಪ್‌ನ ಡ್ರೈವರ್ ಇಳಿಸಿ, ಇಲ್ಲದಿದ್ದರೆ ಪೋರ್ಟ್ ಅದರ ಕೈಯಲ್ಲೇ ಇರುತ್ತದೆ. ಆಮೇಲೆ ಮಿನಿಕಾಮ್‌ನಂಥ ಟರ್ಮಿನಲ್‌ನಲ್ಲಿ ಪೋರ್ಟ್ ತೆರೆಯಿರಿ. ವೇಗ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಪರೀಕ್ಷೆಯ ಹೊತ್ತಿಗೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್, ಅಂದರೆ 'ನಿಲ್ಲು, ಕಳಿಸು' ಎಂದು ತಂತಿಯಲ್ಲೇ ಹೇಳುವ ವ್ಯವಸ್ಥೆ ಬೇಡ.

ಪಿನ್ ಹುಡುಕಲು ಕಣ್ಣು ಬೇಕಿಲ್ಲ. ಒಂಬತ್ತು ಪಿನ್ನಿನ ಗಂಡು ಕನೆಕ್ಟರ್ ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಅಗಲದ ಕಡೆ ಮೇಲೆ ಬರುವ ಹಾಗೆ, ಪಿನ್ನುಗಳು ನಿಮ್ಮ ಕಡೆ ತಿರುಗಿರುವ ಹಾಗೆ ಹಿಡಿಯಿರಿ. ಮೇಲಿನ ಸಾಲಿನಲ್ಲಿ ಐದು. ಎಡದಿಂದ ಒಂದು, ಎರಡು, ಮೂರು ಅಂತ ಹೋಗಿ. ಕಂಪ್ಯೂಟರ್ ಕಡೆ ಎರಡನೆಯದು ತೆಗೆದುಕೊಳ್ಳುವುದು, ಮೂರನೆಯದು ಕಳಿಸುವುದು, ಐದನೆಯದು ಗ್ರೌಂಡ್. ಕೆಳಗಿನ ನಾಲ್ಕು ಪಿನ್ 6ರಿಂದ 9. ತೆಳ್ಳಗಿನ ತಾಮ್ರದ ತಂತಿಯ ಒಂದು ಎಳೆಯನ್ನು ಎರಡು ಮತ್ತು ಮೂರಕ್ಕೆ ಸುತ್ತಿ. ಬೇರೆ ಪಿನ್ನಿಗೆ ತಾಗಬಾರದು.

ಕನ್ವರ್ಟರ್‌ನ ಬಾಯಿಗೇ ತಂತಿ ಸುತ್ತಿ ಟೈಪ್ ಮಾಡಿದೆ. ಒತ್ತಿದ ಪ್ರತಿ ಅಕ್ಷರವನ್ನೂ ಲ್ಯಾಪ್‌ಟಾಪ್ ಹೇಳಿತು. ಅಲ್ಲಿವರೆಗೆ ಸರಿ. ಆಮೇಲೆ ಕೇಬಲ್ ಸಿಕ್ಕಿಸಿ, ಡಬ್ಬಿ ಕಡೆಯ ತುದಿಯಲ್ಲಿ ಸುತ್ತಲು ಮಾಷ್ಟ್ರಿಗೆ ಕೊಟ್ಟೆ. ನಾನು ಟೈಪ್ ಮಾಡಿದೆ. ಏನೂ ಇಲ್ಲ. ದೋಷ ಒಂದೂವರೆ ಮೀಟರ್ ಕೇಬಲ್ಲಿನೊಳಗೆ ಬಂದು ನಿಂತಿತು.

"ಇದು ಮೂರನೇದು ಅಲ್ವಾ? ಇದರ ಮೇಲೆ ಎಂತದೋ ಉಂಟು," ಅಂದರು ಮಾಷ್ಟ್ರು. "ಬೇರೆದು ನುಣ್ಣಗೆ, ಇದು ಮರಳಿನ ಹಾಗೆ."

ಬ್ರೈಲ್ ಓದಿದ ಬೆರಳು ಅದು. ನಾನೂ ಉಗುರು ಎಳೆದು ನೋಡಿದೆ. ಪಿನ್ನಿನ ಬುಡದಲ್ಲಿ ಪುಡಿ ಪುಡಿ ಕಿಲುಬು. ಆ ಕೇಬಲ್ ಕಿಟಕಿಯ ದಂಡೆ ಮೇಲೆ ಹಾದು ಹೋಗುತ್ತದೆ, ಕಿಟಕಿಯ ಆಚೆ ಸಮುದ್ರ. ಮಳೆಗಾಲದಲ್ಲಿ ಉಪ್ಪುಗಾಳಿ, ಒದ್ದೆ ಗಾಳಿ ಎರಡೂ ಒಟ್ಟಿಗೆ. ಅಳಿಯ ಅಪ್‌ಡೇಟ್ ಮಾಡಲು ಕೇಬಲ್ ಬಿಚ್ಚಿ ಮತ್ತೆ ಹಾಕಿದ್ದಾನೆ. ಹೇಗೋ ಕಚ್ಚಿಕೊಂಡಿದ್ದ ಪಿನ್ ಆಗ ಬಿಟ್ಟಿದೆ.

ಇದಕ್ಕೆ ನೀರು ಬೇಡ, ಸೀಮೆಎಣ್ಣೆ ಬೇಡ. ಐಸೊಪ್ರೊಪೈಲ್ ಆಲ್ಕೊಹಾಲ್ ತಂದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕರೆಂಟ್ ತೆಗೆದು ಉಜ್ಜಿ. ಪೂರ್ತಿ ಆರಿದ ಮೇಲೆ ಜೋಡಿಸಿ. ಪಿನ್ ಸವೆದಿದ್ದರೆ ಕೇಬಲ್ಲೇ ಬದಲಿಸಿ. ಒದ್ದೆಯಾದ ವಸ್ತುವನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಅಭ್ಯಾಸ ನಮ್ಮಲ್ಲಿ ಇದೆ. ನನಗೆ ಅದು ಇಷ್ಟವಿಲ್ಲ, ಅಕ್ಕಿಯ ಹುಡಿ ಕನೆಕ್ಟರ್‌ನೊಳಗೆ ಸೇರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿ ಒಳ್ಳೆಯದು.

ಹೊಸ ಕೇಬಲ್ ಕೊಳ್ಳುವಾಗ ನೇರ ಕೇಬಲ್ ಕೇಳಿ. ಎರಡು ಕಂಪ್ಯೂಟರ್ ಜೋಡಿಸುವ ನಲ್ ಮೋಡೆಮ್ ಕೇಬಲ್‌ನಲ್ಲಿ 2 ಮತ್ತು 3 ಅದಲುಬದಲಾಗಿರುತ್ತವೆ. ಮುಟ್ಟಿದರೆ ಎರಡೂ ಒಂದೇ ಥರ. ಹಾಗೆಯೇ 5 ವೋಲ್ಟ್, 3.3 ವೋಲ್ಟ್‌ನ ಟಿಟಿಎಲ್ ಕನ್ವರ್ಟರ್ ಇದಕ್ಕೆ ಆಗುವುದಿಲ್ಲ. ಈ ಡಬ್ಬಿಗಳಿಗೆ ಬೇಕಾದದ್ದು ಆರ್‌ಎಸ್ 232.

ಪಿನ್ ಉಜ್ಜಿ, ಡಬ್ಬಿ ಜೋಡಿಸಿ, ಪೋರ್ಟಿಗೆ ಎಕೋ ಆಜ್ಞೆಯಿಂದ 'ಹಲೋ' ಎಂಬ ಒಂದು ಇಂಗ್ಲಿಷ್ ಪದ ಕಳಿಸಿದೆ. ಡಬ್ಬಿ ಹೇಳಿತು. ಮಾಷ್ಟ್ರು ಒಂದು ಮಾತೂ ಆಡದೆ ಒಳಗೆ ಹೋಗಿ ಚಾ ಇಡಲು ಹೇಳಿ ಬಂದರು.

ಮಾತು ಬರುತ್ತದೆ, ಆದರೆ ಸರಿ ಇಲ್ಲ

ಪೂರ್ತಿ ಮೌನಕ್ಕಿಂತ ಅರ್ಧ ಮಾತು ಜಾಸ್ತಿ ಸುಳಿವು ಕೊಡುತ್ತದೆ. ಕಿವಿಗೊಟ್ಟು ಕೇಳಿ.

ಅರ್ಥವಿಲ್ಲದ ಅಕ್ಷರಗಳ ರಾಶಿ ಬಂದರೆ ವೇಗ ಅಥವಾ ಪ್ಯಾರಿಟಿ ಹೊಂದಿಲ್ಲ. ವಾಕ್ಯ ಸರಿ ಇದ್ದು, ನಡುನಡುವೆ 'ಫೈವ್ ಎಸ್' ಥರದ ಅಂಕಿ-ಅಕ್ಷರ ಕೇಳಿದರೆ ಡ್ರೈವರ್ ತಪ್ಪು ಆರಿಸಿದ್ದೀರಿ. ದನಿಯ ವೇಗ, ಏರಿಳಿತ ಬದಲಿಸುವ ಆಜ್ಞೆಗಳನ್ನು ಡಬ್ಬಿ ಮಾತು ಅಂತ ಓದುತ್ತಿದೆ. ಸ್ಪೀಕಪ್‌ನಲ್ಲಿ ಲೈಟ್‌ಟಾಕ್ ಮತ್ತು ಡಬಲ್‌ಟಾಕ್ ಎಲ್‌ಟಿಗೆ ಎಲ್‌ಟಿಎಲ್‌ಕೆ ಡ್ರೈವರ್. ಡೆಕ್‌ಟಾಕ್ ಎಕ್ಸ್‌ಪ್ರೆಸ್‌ಗೆ ಡಿಇಸಿಟಿಎಲ್‌ಕೆ. ಡಿಇಸಿಇಎಕ್ಸ್‌ಟಿ ಎನ್ನುವುದು ಹಳೆಯ ಹೊರ ಡೆಕ್‌ಟಾಕ್‌ಗೆ. ಈ ಕೊನೆಯ ಎರಡನ್ನು ಬೆರೆಸಿಕೊಳ್ಳುವವರು ಬಹಳ.

ಸಣ್ಣ ಸಾಲು ಸರಿ, ಉದ್ದ ಪುಟದಲ್ಲಿ ಪದಗಳು ಬಿಟ್ಟುಹೋಗುತ್ತವೆಯೇ? ಫ್ಲೋ ಕಂಟ್ರೋಲ್ ನೋಡಿ. ಡಬ್ಬಿಯ ಬಫರ್ ತುಂಬಿದಾಗ 'ಸ್ವಲ್ಪ ನಿಲ್ಲು' ಎಂದು ಹೇಳುವುದು 8ನೇ ಪಿನ್. ಕೆಲವು ಅಗ್ಗದ ಕನ್ವರ್ಟರ್‌ಗಳಲ್ಲಿ 7 ಮತ್ತು 8ರ ತಂತಿ ಜೋಡಿಸಿಯೇ ಇರುವುದಿಲ್ಲ. ಒಂಬತ್ತೂ ತಂತಿ ಇರುವ ಕನ್ವರ್ಟರ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ಅದು ಸಾರ್ಥಕ.

ಬೂಟ್ ಆದಾಗ ಮೌನ, ಕೈಯಿಂದ ಡ್ರೈವರ್ ಏರಿಸಿದರೆ ಮಾತು ಎಂದಾದರೆ ಕನ್ವರ್ಟರ್ ಏಳುವ ಮೊದಲೇ ಡ್ರೈವರ್ ಓಡಿದೆ. ಅದನ್ನು ಸ್ವಲ್ಪ ತಡವಾಗಿ ಏರುವ ಹಾಗೆ ಮಾಡಿ. ಪೋರ್ಟ್ ಸಂಖ್ಯೆಯಲ್ಲೂ ಎಚ್ಚರ. ವಿಂಡೋಸ್‌ನ ಕಾಮ್ 1 ಲಿನಕ್ಸ್‌ನಲ್ಲಿ ಟಿಟಿವೈಎಸ್ ಸೊನ್ನೆ.

ವಿಂಡೋಸ್‌ನಲ್ಲಿ ಡ್ರೈವರ್ ಅಥವಾ ಆ್ಯಡ್-ಆನ್ ಇದ್ದು ಇಂಥ ಡಬ್ಬಿ ಬಳಸುವವರು ಒಂದು ಗುರುತು ನೆನಪಿಡಿ. ಎನ್‌ವಿಡಿಎ ಇದ್ದಕ್ಕಿದ್ದಂತೆ ಬೇರೆ ದನಿಯಲ್ಲಿ ಮಾತಾಡಿದರೆ, ಅದಕ್ಕೆ ಡಬ್ಬಿಯ ಪೋರ್ಟ್ ಸಿಗಲಿಲ್ಲ. ಕನ್ವರ್ಟರನ್ನು ಬೇರೆ ತೂತಿಗೆ ಚುಚ್ಚಿದರೆ ಕಾಮ್ ಸಂಖ್ಯೆ ಬದಲಾಗಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿ.

ಇನ್ನು ದೋಷವೇ ಇಲ್ಲದ ಮೌನ. ಎನ್‌ವಿಡಿಎ ಕೀ ಜೊತೆ ಎಸ್ ತಾಗಿದರೆ ಮಾತು ಬಂದ್ ಆಗಬಹುದು. ಸ್ಪೀಕಪ್‌ನಲ್ಲಿ ಪ್ರಿಂಟ್ ಸ್ಕ್ರೀನ್ ಕೀ ಹಾಗೇ. ಮಾತು ಮರಳುವವರೆಗೆ ಅದನ್ನೇ ಮತ್ತೆ ಒತ್ತಿ ನೋಡಿ, ಎನ್‌ವಿಡಿಎಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಬೇಕಾಗಬಹುದು. ಗಾಬರಿಯಲ್ಲಿ ಇದನ್ನು ಎಲ್ಲರೂ ಮರೆಯುತ್ತೇವೆ.

ಸಿಡಿಲಿನ ನಂತರ ಕೆಟ್ಟ ಡಬ್ಬಿಯ ಕತೆ ಬೇರೆ. ನಮ್ಮ ಕಡೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಸಂಜೆಗಳಲ್ಲಿ ಗುಡುಗು ಜಾಸ್ತಿ. ಡಬ್ಬಿ ತಾನಾಗಿ ಮಾತಾಡುತ್ತದೆ, ಹೊಸ ಕೇಬಲ್, ಹೊಸ ಕನ್ವರ್ಟರ್ ಹಾಕಿದರೂ ಕಂಪ್ಯೂಟರ್ ಮಾತು ಕೇಳುವುದಿಲ್ಲ ಎಂದಾದರೆ ಸೀರಿಯಲ್ ತಂತಿ ಬಂದು ಸೇರುವ ಐಸಿ ಸುಟ್ಟಿರುವ ಸಂಭವ ಇದೆ. ಹಲವು ಸೀರಿಯಲ್ ಉಪಕರಣಗಳಲ್ಲಿ ಅದು ಮ್ಯಾಕ್ಸ್ 232 ಜಾತಿಯದ್ದು, ಬದಲಿಸಬಹುದು. ರಿಪೇರಿಗೆ ಕೊಡುವಾಗ 'ಮಾತಾಡುವುದಿಲ್ಲ' ಅಂತ ಮಾತ್ರ ಹೇಳಬೇಡಿ. ಏನೇನು ನೋಡಿದಿರಿ, ಎಲ್ಲಿವರೆಗೆ ಸರಿ ಇದೆ ಅಂತ ಹೇಳಿ. ಇಲ್ಲದಿದ್ದರೆ ಅವರು ಸ್ಪೀಕರ್ ಬಿಚ್ಚುತ್ತಾರೆ.

ಕನ್ನಡ ಯಾಕೆ ಹೇಳುವುದಿಲ್ಲ?

ಚಾ ಕುಡಿಯುವಾಗ ಮಾಷ್ಟ್ರು ಇನ್ನೊಂದು ದೂರು ತೆಗೆದರು. "ಇಂಗ್ಲಿಷ್ ಪಟಪಟ ಹೇಳ್ತದೆ. ಕನ್ನಡ ಫೈಲ್ ತೆಗೆದರೆ ಮಾತ್ರ ಸುಮ್ಮನೆ. ಅದನ್ನೂ ರಿಪೇರಿ ಮಾಡ್ಲಿಕ್ಕೆ ಆಗ್ತದಾ?"

ಆಗುವುದಿಲ್ಲ, ಯಾಕೆಂದರೆ ಅದು ಕೆಟ್ಟಿಲ್ಲ. ಅಕ್ಷರವನ್ನು ಉಚ್ಚಾರ ಮಾಡುವ ನಿಯಮಗಳು ಡಬ್ಬಿಯ ಚಿಪ್ಪಿನಲ್ಲೇ ಬರೆದಿವೆ, ಅವು ಇಂಗ್ಲಿಷಿನವು. ನಮ್ಮ ಅಕ್ಷರಗಳಿಗೆ ಅಲ್ಲಿ ಜಾಗವೇ ಇಲ್ಲ. ಅದಕ್ಕೇ ಪರೀಕ್ಷೆ ಮಾಡುವಾಗ ಯಾವಾಗಲೂ ಇಂಗ್ಲಿಷ್ ಅಕ್ಷರವನ್ನೇ ಕಳಿಸಬೇಕು. ಕನ್ನಡ ಕಳಿಸಿ, ಮಾತು ಬಾರದೆ, ಸರಿ ಇದ್ದ ಕೇಬಲ್ ಬಿಸಾಡಿದವರನ್ನು ನಾನು ಕಂಡಿದ್ದೇನೆ.

ಕನ್ನಡಕ್ಕೆ ಇಸ್ಪೀಕ್ ಎನ್‌ಜಿ ಇದೆ. ಅದರಲ್ಲಿ ಕನ್ನಡ ಮೊದಲೇ ಸೇರಿದೆ, ಲಿನಕ್ಸ್‌ನ ಡೆಸ್ಕ್‌ಟಾಪ್‌ನಲ್ಲಿ ಓರ್ಕಾ ಎಂಬ ಸ್ಕ್ರೀನ್ ರೀಡರ್ ಜೊತೆ ಓದುತ್ತದೆ. ದನಿ ಸ್ವಲ್ಪ ಯಂತ್ರದ ಹಾಗೆ, ಆದರೂ ಒತ್ತಕ್ಷರ ತಪ್ಪದೆ ಹೇಳುವುದು ಕೇಳಿದರೆ ಖುಷಿಯಾಗುತ್ತದೆ. ಆ ಸಂಜೆ ಅದನ್ನೂ ಹಾಕಿಕೊಟ್ಟೆ. ಈಗ ಮಾಷ್ಟ್ರು ಕನ್ಸೋಲ್ ಕೆಲಸಕ್ಕೆ ಡಬ್ಬಿ ಇಟ್ಟುಕೊಂಡಿದ್ದಾರೆ, ಕನ್ನಡ ಪತ್ರಿಕೆಗೆ ಇಸ್ಪೀಕ್. ಕೇಬಲ್ ಕಿಟಕಿಯ ದಂಡೆಯಿಂದ ಇಳಿದು ಗೋಡೆಯ ಒಳಬದಿಗೆ ಬಂದಿದೆ.